ಹೊಸ್ತಿಲೊಳಗಣ ನ್ಯಾಯ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಸಂಸಾರವೆಂದ ಮೇಲೆ ಮಾತಿಗೆ ಮಾತು ಬೆಳೆಯುವುದು, ಹೊತ್ತು ಮುಳುಗುವುದರೊಳಗೆ ತಣ್ಣಗಾಗುವುದು ಲೋಕರೂಢಿ. ಅದನ್ನು ಕಂಡವರೇ ಈ ಗಾದೆಯನ್ನು ಕಟ್ಟಿರಬೇಕು. ಆದರೆ ಉಂಡು ಮಲಗಿದ ಮೇಲೂ ಮುಗಿಯದ ಜಗಳವುಂಟು; ಒಬ್ಬರ ಕೈ ಮಾತ್ರ ಮೇಲೇಳುವ ಜಗಳವುಂಟು; ಉಣ್ಣುವುದಕ್ಕೆ ಅನ್ನವನ್ನೇ ಇಡದ ಜಗಳವೂ ಉಂಟು. ಅಂಥದಕ್ಕೆ ಗಾದೆಯಲ್ಲಿ ಉತ್ತರವಿಲ್ಲ. ನಮ್ಮ ಕಾನೂನು ಅದಕ್ಕೆ ಎಂದು, ಹೇಗೆ, ಎಷ್ಟರ ಮಟ್ಟಿಗೆ ಉತ್ತರ ಹುಡುಕಿತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ರಾಜ್ಯೋತ್ಸವದ ಸಂಚಿಕೆಯಲ್ಲಿ ಇದೇತರ ವಿಷಯವೆಂದು ವಾಚಕರು ಕೇಳಬಹುದು. ಕದಂಬರನ್ನೂ ಚಾಲುಕ್ಯರನ್ನೂ ನೆನೆಯುವ ದಿನದಲ್ಲಿ ಮನೆಯೊಳಗಿನ ಕಣ್ಣೀರನ್ನು ಹೊರಗೆ ಹಾಕುವುದೇಕೆ? ಏಕೆಂದರೆ, ನಾಡಿನ ಹೆಮ್ಮೆಯನ್ನು ಹೇಳಿಕೊಳ್ಳುವವರು ನಾಡಿನ ನೋವನ್ನೂ ಹೇಳಿಕೊಳ್ಳಬೇಕು. ೨೦೧೯-೨೧ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ ೧೮ರಿಂದ ೪೯ ವಯಸ್ಸಿನ ಹೆಂಗಸರನ್ನು ಪತಿಯಿಂದ ಹಿಂಸೆ ಉಂಟಾಗಿದೆಯೆ ಎಂದು ಕೇಳಿದಾಗ, ದೇಶದಲ್ಲಿ ನೂರಕ್ಕೆ ಸುಮಾರು ೨೯ ಮಂದಿ ಹೌದೆಂದರು. ಕರ್ನಾಟಕದಲ್ಲಿ ಹೌದೆಂದವರು ನೂರಕ್ಕೆ ಸುಮಾರು ೪೪ ಮಂದಿ. ರಾಜ್ಯಗಳ ಪಟ್ಟಿಯಲ್ಲಿ ನಮ್ಮದೇ ಮೊದಲ ಹೆಸರು. ಈ ಅಂಕಿಯನ್ನು ಓದಿಯೂ ಭುವನೇಶ್ವರಿಯ ಚಿತ್ರಕ್ಕೆ ಹೂವೇರಿಸಿ ಸುಮ್ಮನಿರುವುದು ನಮಗೆ ಸಾಧ್ಯವಾಗಲಿಲ್ಲ.

ಮುಂಬಯಿಯಲ್ಲಿರುವ ನಮಗೆ ಈ ಚರಿತ್ರೆ ಇನ್ನೂ ಒಂದು ಕಾರಣದಿಂದ ಹತ್ತಿರದ್ದು. ಕೋಟೆ ಭಾಗದಲ್ಲಿ ೧೮೭೮ರಲ್ಲಿ ಕಟ್ಟಿ ಮುಗಿದ ಆ ಕಪ್ಪುಕಲ್ಲಿನ ಹೈಕೋರ್ಟು ನಮ್ಮಲ್ಲಿ ಎಷ್ಟೋ ಮಂದಿ ದಿನವೂ ಹಾದುಹೋಗುವ ಕಟ್ಟಡ. ೧೯೫೬ರ ನವೆಂಬರ್ ೧ರಂದು ರಾಜ್ಯ ಒಂದಾಗುವವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳ ಅಪೀಲುಗಳು ಈ ಹೈಕೋರ್ಟಿಗೇ ಬರುತ್ತಿದ್ದವು. ಇಲ್ಲಿ ಕುಳಿತ ನ್ಯಾಯಾಧೀಶರು ಕ್ರೌರ್ಯವೆಂದರೆ ಏನೆಂದು ಹೇಳುತ್ತಿದ್ದರೋ ಅದೇ ಹುಬ್ಬಳ್ಳಿಯ ಹೆಣ್ಣುಮಗಳಿಗೂ ಅನ್ವಯಿಸುತ್ತಿತ್ತು.

ಈ ವಿಚಾರ ಇಂಗ್ಲಿಷರೊಡನೆ ಬಂದದ್ದೇನೂ ಅಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿದ್ದ ತಾಳೆಗರಿಯ ಪ್ರತಿಯಿಂದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚು ಹಾಕಿಸಿದರಷ್ಟೆ. ಹೆಂಡತಿಯನ್ನು ಶಿಕ್ಷಿಸುವುದಕ್ಕೆ ಆ ಗ್ರಂಥ ಗಂಡನಿಗೆ ಅವಕಾಶ ಕೊಡುತ್ತದೆ. ಆದರೆ ಬಿದಿರ ಸೀಳು, ಹಗ್ಗ, ಕೈ ಈ ಮೂರರಲ್ಲೊಂದರಿಂದ ಬೆನ್ನಿನ ಮೇಲೆ ಮೂರು ಪೆಟ್ಟು, ಅದಕ್ಕೆ ಮೀರಿದರೆ ದಂಡ. ಪರಸ್ಪರ ದ್ವೇಷವುಂಟಾದರೆ ಬಿಡುಗಡೆ ಹೊಂದಬಹುದೆಂದು, ಕೆಲವು ಬಗೆಯ ವಿವಾಹಗಳಿಗಾದರೂ, ಅದೇ ಗ್ರಂಥ ಹೇಳುತ್ತದೆ. ಎರಡು ಸಾವಿರ ವರ್ಷದ ಹಿಂದಿನ ರಾಜನೀತಿಜ್ಞನಿಗೂ ಹೊಸ್ತಿಲೊಳಗಿನ ಪೆಟ್ಟು ರಾಜ್ಯದ ಲೆಕ್ಕಕ್ಕೆ ಸೇರಿದ್ದೆಂದು ತಿಳಿದಿತ್ತು. ಆದರೆ ಅವನು ಕೇಳಿದ ಪ್ರಶ್ನೆ, ಪೆಟ್ಟು ಎಷ್ಟು ಎಂಬುದು. ಹೊಡೆಯಬಹುದೆ ಎಂಬುದಲ್ಲ. ಪೆಟ್ಟನ್ನು ಅಳೆಯುವ ಈ ಅಭ್ಯಾಸ ಬಹುಕಾಲ ನಮ್ಮನ್ನು ಬಿಡಲಿಲ್ಲವೆಂಬುದನ್ನು ಮುಂದೆ ಕಾಣುತ್ತೇವೆ.

೧೮೬೦ರ ಭಾರತ ದಂಡಸಂಹಿತೆಯಲ್ಲಿ ಯಾರು ಯಾರನ್ನು ಹೊಡೆದರೂ ಅಪರಾಧವೇ. ಗಂಡನೆಂದು ಅಲ್ಲಿ ವಿನಾಯಿತಿಯಿರಲಿಲ್ಲ. ಆದರೆ ಕದ ಮುಚ್ಚಿದ ಮನೆಯಲ್ಲಿ ಸಾಕ್ಷಿ ಹೇಳುವವರಾರು? ಫಿರ್ಯಾದು ಕೊಟ್ಟು ಸಾಯಂಕಾಲ ಅದೇ ಮನೆಗೆ ಹಿಂದಿರುಗಬೇಕಾದವಳು ಠಾಣೆಯ ಮೆಟ್ಟಿಲು ಹತ್ತುವುದೆಂತು? ಆದ್ದರಿಂದ ಹೆಂಡತಿಯ ಮೇಲಿನ ಹಿಂಸೆ ದಂಡದ ಕೋರ್ಟಿಗಿಂತ ಹೆಚ್ಚಾಗಿ ದಿವಾಣಿ ಕೋರ್ಟಿಗೆ ಬಂದಿತು. ಬಂದದ್ದೂ ಅವಳ ದಾವೆಯಾಗಿ ಅಲ್ಲ, ಗಂಡನ ದಾವೆಗೆ ಅವಳು ಕೊಡುವ ಜವಾಬಾಗಿ.

ಆ ದಾವೆಯ ಹೆಸರು ದಾಂಪತ್ಯ ಹಕ್ಕಿನ ಪುನಃಸ್ಥಾಪನೆ. ಬಿಟ್ಟುಹೋದ ಹೆಂಡತಿಯನ್ನು ಮರಳಿ ಮನೆಗೆ ಕಳುಹಿಸಿಕೊಡಬೇಕೆಂದು ಗಂಡನು ಕೋರ್ಟನ್ನು ಬೇಡುವುದು. ಇದು ಇಂಗ್ಲೆಂಡಿನ ಚರ್ಚು ನ್ಯಾಯಸ್ಥಾನಗಳಿಂದ ಬಂದ ಪದ್ಧತಿ. ೧೮೭೬ರಲ್ಲಿ ಯಮುನಾಬಾಯಿ ಎಂಬಾಕೆಯ ಮೊಕದ್ದಮೆಯಲ್ಲಿ, ಎಂಥ ಕ್ರೌರ್ಯವಿದ್ದರೆ ಹೆಂಡತಿ ಮರಳುವುದಿಲ್ಲವೆನ್ನಬಹುದು ಎಂಬ ಪ್ರಶ್ನೆ ಮುಂಬಯಿ ಹೈಕೋರ್ಟಿನ ಮುಂದೆ ಬಂದಿತು. ದೇಹಕ್ಕೂ ಆರೋಗ್ಯಕ್ಕೂ ಅಪಾಯ ತರುವಂಥ ಹಿಂಸೆ, ಇಲ್ಲವೆ ಅಂಥ ಹಿಂಸೆ ಬಂದೀತೆಂಬ ಯುಕ್ತವಾದ ಭಯ, ಇವೇ ಕ್ರೌರ್ಯವೆಂದು ನ್ಯಾಯಾಲಯ ಅಳತೆಗೋಲಿಟ್ಟಿತು. ಈ ಅಳತೆಗೋಲು ಲಂಡನ್ನಿನ ಚರ್ಚು ನ್ಯಾಯಸ್ಥಾನದಲ್ಲಿ ೧೭೯೦ರಲ್ಲಿಯೇ ತಯಾರಾದದ್ದು. ಬೈಗುಳ, ಅವಮಾನ, ಉಪವಾಸ ಕೆಡಹುವುದು, ಮಕ್ಕಳನ್ನು ಅಗಲಿಸುವುದು ಇವೆಲ್ಲ ಈ ಕೋಲಿನ ಅಳತೆಗೆ ಸಿಕ್ಕುವುದೇ ಕಷ್ಟ.

ಆದರೆ ಇಡೀ ದೇಶ ಕಿವಿಗೊಟ್ಟು ಕೇಳಿದ ಮೊಕದ್ದಮೆ ರಖ್ಮಾಬಾಯಿಯದು. ಈಕೆ ೧೮೬೪ರಲ್ಲಿ ಹುಟ್ಟಿದ ಮುಂಬಯಿಯ ಹುಡುಗಿ. ಹನ್ನೊಂದನೆಯ ವಯಸ್ಸಿನಲ್ಲಿ ದಾದಾಜಿ ಭಿಕಾಜಿ ಎಂಬವನೊಡನೆ ಮದುವೆಯಾಯಿತು. ಆಕೆ ಮಾತ್ರ ತಾಯಿಯ ಬಳಿಯಲ್ಲಿಯೇ ಬೆಳೆದು, ಮಲತಂದೆ ಡಾಕ್ಟರ್ ಸಖಾರಾಮ ಅರ್ಜುನರ ಪ್ರೋತ್ಸಾಹದಿಂದ ಓದನ್ನು ಮುಂದುವರಿಸಿದಳು. ತನ್ನ ತಿಳಿವಳಿಕೆಯಿಲ್ಲದೆ ನಡೆದ ಮದುವೆಗೆ ತಾನು ಬಾಳನ್ನು ಒಪ್ಪಿಸಲಾರೆನೆಂದು ಗಂಡನ ಮನೆಗೆ ಹೋಗಲು ನಿರಾಕರಿಸಿದಳು. ೧೮೮೪ರಲ್ಲಿ ಗಂಡನು ದಾವೆ ಹೂಡಿದನು. ಇಂಥ ಡಿಕ್ರಿಯನ್ನು ಮೀರಿದವರನ್ನು ಸೆರೆಗೆ ಹಾಕುವ ಪದ್ಧತಿಯನ್ನು ಇಂಗ್ಲೆಂಡು ತನ್ನ ನೆಲದಲ್ಲಿ ತೆಗೆದುಹಾಕಿದ್ದು ಅದೇ ೧೮೮೪ರಲ್ಲಿ! ಅಲ್ಲಿ ಬೇಡವೆಂದು ಬಿಸುಟದ್ದನ್ನು ಇಲ್ಲಿ ಹಿಂದೂ ಹೆಂಗಸಿನ ಮೇಲೆ ಬಳಸಲಾಯಿತು.

೧೮೮೫ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಪಿನ್ಹೆಯವರು ದಾವೆಯನ್ನು ವಜಾ ಮಾಡಿದರು. ಒಲ್ಲದ ಹೆಣ್ಣನ್ನು ಗಂಡಿನ ಮನೆಗೆ ಬಲವಂತವಾಗಿ ದೂಡುವುದು ಅನಾಗರಿಕವೆಂದೂ, ಹಿಂದೂ ಧರ್ಮಶಾಸ್ತ್ರದಲ್ಲಿ ಇಂಥ ದಾವೆಗೆ ಆಧಾರವಿಲ್ಲವೆಂದೂ ಅವರ ಅಭಿಪ್ರಾಯ. ಮರುವರ್ಷ ಅಪೀಲಿನಲ್ಲಿ ಮುಖ್ಯ ನ್ಯಾಯಾಧೀಶ ಸಾರ್ಜೆಂಟರ ಪೀಠ ಆ ತೀರ್ಪನ್ನು ತಳ್ಳಿಹಾಕಿ ಮರುವಿಚಾರಣೆಗೆ ಕಳುಹಿಸಿತು. ೧೮೮೭ರ ಮಾರ್ಚ್ ತಿಂಗಳಲ್ಲಿ ನ್ಯಾಯಮೂರ್ತಿ ಫ್ಯಾರನ್ನರು ಆಜ್ಞೆಯಿತ್ತರು: ಒಂದು ತಿಂಗಳೊಳಗೆ ಗಂಡನ ಮನೆಗೆ ಹೋಗಬೇಕು, ಇಲ್ಲವೆ ಆರು ತಿಂಗಳ ಸೆರೆವಾಸ. ಸೆರೆಮನೆಯೇ ಆಗಲಿ ಎಂದಳು ರಖ್ಮಾಬಾಯಿ. ಲೋಕಮಾನ್ಯ ತಿಲಕರು ತಮ್ಮ ಪತ್ರಿಕೆಯಲ್ಲಿ ಆಕೆಯ ವಿರುದ್ಧ ಬರೆದರು. ಬೆಹರಾಮಜಿ ಮಲಬಾರಿಯವರಂಥ ಸುಧಾರಕರು ಆಕೆಯ ಪರವಾಗಿ ನಿಂತರು. ಕೊನೆಗೆ ೧೮೮೮ರಲ್ಲಿ ಗಂಡನಿಗೆ ಎರಡು ಸಾವಿರ ರೂಪಾಯಿ ಕೊಟ್ಟು ರಾಜಿಯಾಯಿತು. ರಖ್ಮಾಬಾಯಿ ಲಂಡನ್ನಿಗೆ ಹೋಗಿ ವೈದ್ಯಶಾಸ್ತ್ರ ಕಲಿತು, ೧೮೯೪ರಲ್ಲಿ ತೇರ್ಗಡೆಯಾಗಿ ಬಂದು, ಸೂರತ್ತಿನಲ್ಲಿಯೂ ರಾಜಕೋಟೆಯಲ್ಲಿಯೂ ಹೆಂಗಸರ ಆಸ್ಪತ್ರೆಗಳಲ್ಲಿ ದುಡಿದರು.

ರಖ್ಮಾಬಾಯಿಯನ್ನು ಗಂಡ ಹೊಡೆದಿರಲಿಲ್ಲ. ಹೀಗಿದ್ದೂ ಗೃಹಹಿಂಸೆಯ ಚರಿತ್ರೆಯಲ್ಲಿ ಆಕೆಯ ಹೆಸರು ಬರಲೇಬೇಕು. ಹೆಂಡತಿ ಇರಬೇಕಾದ ಸ್ಥಳ ಗಂಡನ ಮನೆ. ಅಲ್ಲಿಂದ ಹೊರಗಿರಬೇಕಾದರೆ ಅವಳೇ ಕಾರಣ ತೋರಿಸಬೇಕು. ಅವಳು ತೋರಿಸಿದ ಕಾರಣವನ್ನು ನ್ಯಾಯಾಲಯ ಮೊಳ ಹಾಕಿ ನೋಡುತ್ತದೆ. ಅಂದಿನ ಕಾನೂನಿನ ಈ ದೃಷ್ಟಿಯನ್ನು ಆಕೆಯ ಮೊಕದ್ದಮೆಯಷ್ಟು ಸ್ಪಷ್ಟವಾಗಿ ತೋರಿಸಿದ್ದು ಬೇರೊಂದಿಲ್ಲ. ಈ ಡಿಕ್ರಿಗಾಗಿ ಸೆರೆಗೆ ಹಾಕುವ ಪದ್ಧತಿ ನಮ್ಮಲ್ಲಿ ಹೋದದ್ದು ೧೯೨೩ರಲ್ಲಿ. ದಾವೆ ಮಾತ್ರ ಉಳಿಯಿತು. ಅದನ್ನು ಹುಟ್ಟಿಸಿದ ಇಂಗ್ಲೆಂಡು ೧೯೭೦ರಲ್ಲಿ ಅದನ್ನು ರದ್ದುಪಡಿಸಿತು. ನಮ್ಮ ೧೯೫೫ರ ಹಿಂದೂ ವಿವಾಹ ಕಾಯಿದೆಯ ೯ನೆಯ ಕಲಮಿನಲ್ಲಿ ಅದು ಇಂದಿಗೂ ಕುಳಿತಿದೆ.

ಕ್ರೌರ್ಯದ ಅರ್ಥ ಎಲ್ಲ ಮತದವರಿಗೂ ಒಂದೇ ಆಗಿರಲಿಲ್ಲವೆಂಬುದನ್ನೂ ಗಮನಿಸಬೇಕು. ೧೮೬೯ರ ವಿಚ್ಛೇದನ ಕಾಯಿದೆಯಂತೆ ಕ್ರೈಸ್ತ ಹೆಂಡತಿಗೆ ಬರಿಯ ಕ್ರೌರ್ಯದ ಮೇಲೆ ವಿಚ್ಛೇದನವಿಲ್ಲ. ಗಂಡನ ವ್ಯಭಿಚಾರವೂ ಅದರೊಡನೆ ಸೇರಿರಬೇಕು. ಈ ಅನ್ಯಾಯ ನೀಗಿದ್ದು ೨೦೦೧ರಲ್ಲಿ. ಇದಕ್ಕೆ ಪ್ರತಿಯಾಗಿ ೧೯೩೯ರ ಮುಸ್ಲಿಂ ವಿವಾಹ ವಿಸರ್ಜನ ಕಾಯಿದೆ ಆ ಕಾಲಕ್ಕೆ ಬಹಳ ಮುಂದೆ ಹೋಯಿತು. ಮೈಗೆ ಕೈ ತಾಗದಿದ್ದರೂ, ನಡತೆಯ ಕ್ರೌರ್ಯದಿಂದ ಹೆಂಡತಿಯ ಬಾಳನ್ನು ದುರ್ಭರಗೊಳಿಸಿದರೆ ಸಾಕು, ಅವಳು ಬಿಡುಗಡೆ ಕೇಳಬಹುದೆಂದು ಅದು ಬಾಯಿಬಿಟ್ಟು ಹೇಳಿತು. ಮನಸ್ಸಿನ ಗಾಯವನ್ನು ಗಾಯವೆಂದು ಹೀಗೆ ಶಾಸನದಲ್ಲಿ ಬರೆದಿಟ್ಟ ಕೀರ್ತಿ ಅದಕ್ಕೆ ಸಲ್ಲಬೇಕು.

ಹಿಂದೂ ಹೆಂಗಸಿಗೆ ಅಷ್ಟು ಹೊತ್ತಿಗೆ ಏನಿತ್ತು? ತವರುಮನೆಯಿತ್ತು. ನಮ್ಮ ಬೀಸುಕಲ್ಲಿನ ಪದಗಳಲ್ಲಿ ಅತ್ತೆಮನೆಯ ಬವಣೆಯೂ ತವರಿನ ಹಂಬಲವೂ ಜೋಡಿಯಾಗಿ ಬರುವುದು ಸುಮ್ಮನೆ ಅಲ್ಲ. ಆದರೆ ತವರಿನಲ್ಲಿಯೂ ಅವಳು ಅತಿಥಿಯೇ; ತಂದೆಯಿರುವ ತನಕ ಒಂದು ಮಾತು, ಅಣ್ಣತಮ್ಮಂದಿರ ಕಾಲಕ್ಕೆ ಇನ್ನೊಂದು ಮಾತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯೂ ನಮ್ಮದೇ. ಈ ವಿಷಯದಲ್ಲಿ ಮೈಸೂರು ಸಂಸ್ಥಾನ ತೋರಿದ ಧೈರ್ಯವನ್ನು ನೆನೆಯಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ ೧೯೩೩ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂದು, ಮನೆ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಮಗಳಿಗೆ ಭಾಗ ಸಿಗುವಂತಾಯಿತು. ಬ್ರಿಟಿಷ್ ಇಂಡಿಯದಲ್ಲಿ ಸ್ತ್ರೀಯರ ಆಸ್ತಿಹಕ್ಕಿನ ಕಾಯಿದೆ ಬಂದದ್ದು ಇದಾದ ನಾಲ್ಕು ವರ್ಷಕ್ಕೆ. ಮೈಸೂರಿನ ಕಾಯಿದೆಯೂ ಮದುವೆಯಾಗಿ ಹೋದ ಮಗಳನ್ನು ಈ ಪಾಲಿನಿಂದ ಹೊರಗೇ ಇಟ್ಟಿತೆಂಬುದು ನಿಜ. ಆದರೂ ಹೆಣ್ಣಿಗೆ ಮನೆಯಲ್ಲಿ ಭಾಗವುಂಟೆಂಬ ಮಾತು ಕನ್ನಡ ನೆಲದಲ್ಲಿ ಅಷ್ಟು ಬೇಗ ಕಾನೂನಾಯಿತು.

೧೯೪೬ರಲ್ಲಿ ಕೇಂದ್ರ ಶಾಸನಸಭೆ ಮಾಡಿದ ಕಾಯಿದೆಯೊಂದರಿಂದ, ಗಂಡನೊಡನೆ ಬಾಳುವುದು ಅಪಾಯಕರ ಅಥವಾ ಅನುಚಿತವೆನಿಸುವಷ್ಟು ಕ್ರೌರ್ಯವಿದ್ದರೆ ಹಿಂದೂ ಪತ್ನಿ ಬೇರೆ ವಾಸವಿದ್ದು ಜೀವನಾಂಶ ಕೇಳಬಹುದೆಂದಾಯಿತು. ೧೯೫೫ರ ಹಿಂದೂ ವಿವಾಹ ಕಾಯಿದೆಯಲ್ಲಿ ಕ್ರೌರ್ಯಕ್ಕೆ ಸಿಕ್ಕ ಪರಿಹಾರವೂ ಇಂಥದೇ: ಕೋರ್ಟಿನ ಅಪ್ಪಣೆಯಿಂದ ಬೇರೆ ವಾಸ, ವಿಚ್ಛೇದನವಲ್ಲ. ರಖ್ಮಾಬಾಯಿಯವರು ತಮ್ಮ ತೊಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಅದೇ ೧೯೫೫ರ ಸೆಪ್ಟೆಂಬರಿನಲ್ಲಿ. ತಮ್ಮ ಮೇಲೆ ಹೂಡಿದ್ದ ದಾವೆಗೆ ಹೊಸ ಭಾರತದ ಕಾಯಿದೆಯಲ್ಲಿಯೂ ಜಾಗ ದೊರಕಿದ್ದನ್ನು ಅವರು ಬದುಕಿದ್ದಾಗಲೇ ಕಾಣಬೇಕಾಯಿತು.

ಚರ್ಚು ನ್ಯಾಯಸ್ಥಾನದ ಆ ಹಳೆಯ ಅಳತೆಗೋಲನ್ನು ನಮ್ಮ ಸುಪ್ರೀಂ ಕೋರ್ಟು ಬದಿಗಿಟ್ಟದ್ದು ೧೯೭೫ರ ಮಾರ್ಚ್ ತಿಂಗಳಲ್ಲಿ, ಪುಣೆಯ ದಂಪತಿಗಳ ಮೊಕದ್ದಮೆಯೊಂದರಲ್ಲಿ. ಜೀವಕ್ಕೋ ಅಂಗಕ್ಕೋ ಆರೋಗ್ಯಕ್ಕೋ ಅಪಾಯವಿರಲೇಬೇಕೆಂದಿಲ್ಲ. ಕೂಡಿ ಬಾಳುವುದು ತನಗೆ ಹಾನಿಕರವೆಂಬ ಯುಕ್ತವಾದ ಭಯ ಹುಟ್ಟಿದರೆ ಸಾಕು. ಅದನ್ನೂ ಎಲ್ಲೋ ಇರುವ ಆದರ್ಶ ದಂಪತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ತೂಗದೆ, ಎದುರಿಗೆ ನಿಂತ ಈ ಗಂಡ ಹೆಂಡಿರನ್ನೇ ನೋಡಿ ತೂಗಬೇಕೆಂದು ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರು ಬರೆದರು. ಈ ಮೊಕದ್ದಮೆಯಲ್ಲಿ ಕ್ರೌರ್ಯದ ದೂರು ತಂದಿದ್ದವನು ಗಂಡ! ಹೆಂಡತಿಯ ಮಾತಿನ ಕ್ರೌರ್ಯ ರುಜುವಾತಾಯಿತಾದರೂ ಅವನೇ ಅದನ್ನು ಕ್ಷಮಿಸಿ ಬಾಳಿದ್ದನೆಂದು ಅಪೀಲು ಬಿದ್ದುಹೋಯಿತು. ವಿವಾಹ ಕಾಯಿದೆಯಲ್ಲಿ ಕ್ರೌರ್ಯದ ದೂರಿಗೆ ಗಂಡು ಹೆಣ್ಣೆಂಬ ಭೇದವಿಲ್ಲವೆಂಬುದಕ್ಕೆ ಇದೊಂದು ನಿದರ್ಶನ. ೧೯೭೬ರ ತಿದ್ದುಪಡಿಯಿಂದ ಕ್ರೌರ್ಯವು ವಿಚ್ಛೇದನಕ್ಕೂ ಕಾರಣವಾಯಿತು.

ಇದೇ ಹೊತ್ತಿನಲ್ಲಿ ಸೀಮೆಎಣ್ಣೆಯ ಬೆಂಕಿಗೆ ಸಿಕ್ಕ ಸೊಸೆಯರ ಸುದ್ದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರತೊಡಗಿತು. ಬೀದಿಗಿಳಿದ ಮಹಿಳಾ ಸಂಘಗಳ ಒತ್ತಾಯದಿಂದ ೧೯೮೩ರ ಡಿಸೆಂಬರಿನಲ್ಲಿ ದಂಡಸಂಹಿತೆಗೆ ೪೯೮-ಎ ಕಲಮು ಸೇರಿತು. ಹೆಂಗಸನ್ನು ಆತ್ಮಹತ್ಯೆಗೆ ದೂಡುವಂಥ ಅಥವಾ ದೇಹಕ್ಕಾಗಲಿ ಮನಸ್ಸಿಗಾಗಲಿ ಭಾರಿ ಹಾನಿ ಮಾಡುವಂಥ ನಡತೆ, ಹಾಗೂ ವರದಕ್ಷಿಣೆಗಾಗಿ ಕೊಡುವ ಕಿರುಕುಳ, ಗಂಡ ಮತ್ತು ಅವನ ನೆಂಟರ ಪಾಲಿಗೆ ಮೂರು ವರ್ಷದವರೆಗೆ ಶಿಕ್ಷೆಯ ಅಪರಾಧವಾಯಿತು. ೧೯೮೬ರಲ್ಲಿ ವರದಕ್ಷಿಣೆ ಸಾವಿನ ಕಲಮು ಬಂದಿತು. ೨೦೨೪ರ ಜುಲೈ ೧ರಿಂದ ದಂಡಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದ್ದು, ೪೯೮-ಎ ಕಲಮಿನ ವಿಷಯ ಅಲ್ಲಿ ೮೫ ಮತ್ತು ೮೬ನೆಯ ಕಲಮುಗಳಾಗಿದೆ. ಈ ಕಲಮನ್ನು ಹಗೆ ತೀರಿಸಿಕೊಳ್ಳಲು ಬಳಸುವವರಿದ್ದಾರೆಂಬ ದೂರೂ ಹುಟ್ಟಿತು. ದೂರು ಬಂದ ಕೂಡಲೇ ಯಾಂತ್ರಿಕವಾಗಿ ಬಂಧಿಸಕೂಡದೆಂದು ೨೦೧೪ರಲ್ಲಿ ಸುಪ್ರೀಂ ಕೋರ್ಟು ಪೋಲೀಸರಿಗೆ ಕಟ್ಟುಮಾಡಿತು. ಆದರೆ ಈ ಕಲಮಿನ ನಿಜವಾದ ಕೊರತೆ ಬೇರೊಂದು. ಅದು ಗಂಡನನ್ನು ಸೆರೆಗೆ ಕಳುಹಿಸಬಲ್ಲುದು. ಹೆಂಡತಿ ಇಂದು ರಾತ್ರಿ ಎಲ್ಲಿ ಮಲಗಬೇಕೆಂಬುದನ್ನು ಹೇಳಲಾರದು.

ಅಲ್ಲಿಯವರೆಗಿನ ಕಾನೂನುಗಳನ್ನೆಲ್ಲ ಒಂದುಗೂಡಿಸಿ ನೋಡಿದರೆ ಎದ್ದು ಕಾಣುವ ಸಂಗತಿ ಇದೇ. ಬೇರೆ ವಾಸ, ಜೀವನಾಂಶ, ವಿಚ್ಛೇದನ ಇವೆಲ್ಲವೂ ಪೆಟ್ಟು ತಿಂದವಳು ಮನೆ ಬಿಟ್ಟ ಮೇಲಿನ ಏರ್ಪಾಡುಗಳು. ಜೀವನಾಂಶವಾದರೂ ಎಷ್ಟು? ೧೯೭೩ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಮ್ಯಾಜಿಸ್ಟ್ರೇಟರು ಕೊಡಿಸಬಹುದಾಗಿದ್ದುದು ತಿಂಗಳಿಗೆ ಐನೂರು ರೂಪಾಯಿಯೊಳಗೆ. ಆ ಮಿತಿ ಹೋದದ್ದು ೨೦೦೧ರಲ್ಲಿ. ಹೊಡೆದವನು ಒಳಗೆ, ಹೊಡೆಸಿಕೊಂಡವಳು ಹೊರಗೆ. ಹೊರಗೆ ಹೋಗಬೇಕಾದವರು ಯಾರು ಎಂಬ ಪ್ರಶ್ನೆಯನ್ನು ಕಾನೂನು ಕೇಳಿಯೇ ಇರಲಿಲ್ಲ.

೨೦೦೨ರಲ್ಲಿ ಲೋಕಸಭೆಯ ಮುಂದೆ ಗೃಹಹಿಂಸೆಯ ಮಸೂದೆಯೊಂದು ಬಂದಿತು. ಅದರಲ್ಲಿ ಹಿಂಸೆಯೆಂದರೆ ರೂಢಿಯಾಗಿ ಹೊಡೆಯುವುದೆಂದು ಬರೆದಿತ್ತು. ಅಂದರೆ ಅಪರೂಪಕ್ಕೊಮ್ಮೆ ಹೊಡೆದರೆ ಅಡ್ಡಿಯಿಲ್ಲವೆ? ತನ್ನ ಇಲ್ಲವೆ ತನ್ನ ಸ್ವತ್ತಿನ ರಕ್ಷಣೆಗಾಗಿ ಹೊಡೆದೆನೆಂಬ ನೆಪಕ್ಕೂ ಅದರಲ್ಲಿ ಎಡೆಯಿತ್ತು. ಕೌಟಿಲ್ಯನ ಮೂರು ಪೆಟ್ಟಿನ ಲೆಕ್ಕ ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಹೀಗೆ ತಲೆಹಾಕಿತು! ಮಹಿಳಾ ಸಂಘಗಳೂ ವಕೀಲರೂ ಇದನ್ನು ಬಲವಾಗಿ ವಿರೋಧಿಸಿದರು. ಆ ಮಸೂದೆ ಕಾಯಿದೆಯಾಗಲಿಲ್ಲ. ಅದರ ಸ್ಥಾನದಲ್ಲಿ ಬಂದದ್ದೇ ೨೦೦೫ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ. ಅದು ಜಾರಿಗೆ ಬಂದದ್ದು ೨೦೦೬ರ ಅಕ್ಟೋಬರ್ ೨೬ರಂದು.

ಈ ಕಾಯಿದೆ ಪೆಟ್ಟನ್ನು ಅಳೆಯುವುದಿಲ್ಲ. ದೈಹಿಕ ಹಿಂಸೆ, ಲೈಂಗಿಕ ಹಿಂಸೆ, ಮಾತಿನ ಮತ್ತು ಮನಸ್ಸಿನ ಹಿಂಸೆ, ಹಣಕಾಸಿನ ಹಿಂಸೆ ಎಂದು ನಾಲ್ಕು ಬಗೆಯನ್ನು ಅದು ಹೆಸರಿಸುತ್ತದೆ. ಮನೆಖರ್ಚಿಗೆ ಕೊಡದಿರುವುದು, ಅವಳ ಒಡವೆ ಮಾರುವುದು, ಗಂಡುಮಗು ಹೆರಲಿಲ್ಲವೆಂದು ಹಂಗಿಸುವುದು ಇವೂ ಹಿಂಸೆಯೇ. ಹೆಂಡತಿಗೆ ಮಾತ್ರವಲ್ಲ, ಒಂದೇ ಮನೆಯಲ್ಲಿ ಬಾಳಿದ ತಾಯಿ, ಅಕ್ಕತಂಗಿ, ಮಗಳು, ವಿಧವೆ, ಮದುವೆಯಂಥ ಸಂಬಂಧದಲ್ಲಿದ್ದವಳು ಎಲ್ಲರಿಗೂ ಇದು ಸಲ್ಲುತ್ತದೆ. ಮತಭೇದವಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಕೊಟ್ಟರೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ನಡೆಯಬೇಕು. ಅರವತ್ತು ದಿನದೊಳಗೆ ತೀರ್ಮಾನಿಸಲು ಯತ್ನಿಸಬೇಕು. ಹಿಂಸೆ ನಿಲ್ಲಿಸೆಂಬ ಆಜ್ಞೆ, ಖರ್ಚಿನ ಹಣ, ಮಕ್ಕಳ ತಾತ್ಕಾಲಿಕ ಒಪ್ಪಿಗೆ, ನಷ್ಟಪರಿಹಾರ ಇವೆಲ್ಲ ಒಂದೇ ಕಡೆ ಸಿಕ್ಕುತ್ತವೆ. ಆಜ್ಞೆಯನ್ನು ಮುರಿದವನಿಗೆ ಒಂದು ವರ್ಷದವರೆಗೆ ಸೆರೆ ಅಥವಾ ಇಪ್ಪತ್ತು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಎಲ್ಲಕ್ಕಿಂತ ಮಿಗಿಲಾಗಿ, ಆ ಮನೆ ಯಾರ ಹೆಸರಿನಲ್ಲಿಯೇ ಇರಲಿ, ಅವಳಿಗೆ ಅಲ್ಲಿ ವಾಸದ ಹಕ್ಕುಂಟು. ಬೇಕಾದರೆ ಹೊಡೆದವನೇ ಹೊರಗೆ ಹೋಗಲೆಂದು ಮ್ಯಾಜಿಸ್ಟ್ರೇಟರು ಆಜ್ಞಾಪಿಸಬಹುದು.

ರಖ್ಮಾಬಾಯಿಯ ಕಾಲದ ಪ್ರಶ್ನೆ ಇಲ್ಲಿ ತಲೆಕೆಳಗಾಯಿತು. ಆದರೆ ಬರೆದ ಹಕ್ಕು ಕೈಗೆ ಬರಲು ಇನ್ನೂ ಕಾಲ ಬೇಕಾಯಿತು. ಕಾಯಿದೆ ಜಾರಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ೨೦೦೬ರ ಡಿಸೆಂಬರ್ ೧೫ರಂದು ಸುಪ್ರೀಂ ಕೋರ್ಟು, ಅತ್ತೆಯ ಹೆಸರಿನಲ್ಲಿರುವ ಮನೆಯಲ್ಲಿ ಸೊಸೆಗೆ ಈ ಹಕ್ಕಿಲ್ಲವೆಂದಿತು. ನಮ್ಮ ದೇಶದಲ್ಲಿ ಹೊಸದಾಗಿ ಮದುವೆಯಾದವರು ಬಾಳುವುದು ಹೆಚ್ಚಾಗಿ ಮಾವನ ಇಲ್ಲವೆ ಅತ್ತೆಯ ಮನೆಯಲ್ಲಿಯೇ ಅಲ್ಲವೆ? ಹದಿನಾಲ್ಕು ವರ್ಷ ಎಷ್ಟೋ ಸೊಸೆಯರಿಗೆ ಈ ಮಾತು ಅಡ್ಡಗೋಡೆಯಾಯಿತು. ೨೦೨೦ರ ಅಕ್ಟೋಬರ್ ೧೫ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಪ್ಪೆಂದು ಸಾರಿತು.

ಆ ವರ್ಷವೇ ಬೆಂಗಳೂರಿನ ಮೊಕದ್ದಮೆಯೊಂದು ತೀರ್ಮಾನವಾಯಿತು. ಗಂಡನು ಮನೆಯನ್ನು ತಂದೆಗೆ ಮಾರಿದ್ದನು, ತಂದೆ ಅದನ್ನು ತಾಯಿಗೆ ದಾನವಿತ್ತಿದ್ದನು. ಬಳಿಕ ಹಿರಿಯ ನಾಗರಿಕರ ರಕ್ಷಣೆಗಾಗಿ ಇರುವ ೨೦೦೭ರ ಕಾಯಿದೆಯನ್ನು ಹಿಡಿದು ಸೊಸೆಯನ್ನು ಹೊರಹಾಕಲು ಅಪ್ಪಣೆ ಪಡೆದರು. ವೃದ್ಧರ ರಕ್ಷಣೆಯೂ ಬೇಕು, ಆದರೆ ಅದನ್ನು ಸೊಸೆಯ ವಾಸದ ಹಕ್ಕನ್ನು ಕೊಲ್ಲುವ ಉಪಾಯವಾಗಿ ಬಳಸಕೂಡದೆಂದು ಸುಪ್ರೀಂ ಕೋರ್ಟು ಡಿಸೆಂಬರ್ ೧೫ರಂದು ಆ ಅಪ್ಪಣೆಯನ್ನು ತೆಗೆದುಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರು, ೧೯೭೫ರಲ್ಲಿ ಕ್ರೌರ್ಯದ ಹೊಸ ಅರ್ಥ ಬರೆದವರ ಮಗ. ೨೦೨೨ರ ಮೇ ತಿಂಗಳಲ್ಲಿ ನಮ್ಮ ಕನ್ನಡದ ಹೆಣ್ಣುಮಗಳು ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ವಿಧವೆಯೊಬ್ಬಳ ಮೊಕದ್ದಮೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಹಕ್ಕುಳ್ಳ ಹೆಂಗಸು ಆ ಮನೆಯಲ್ಲಿ ನಿಜವಾಗಿ ಸಂಸಾರ ಹೂಡಿರದಿದ್ದರೂ ಅಲ್ಲಿ ವಾಸಿಸಲು ಕೇಳಬಹುದೆಂದು ಬರೆದರು.

ತವರಿನ ಬಾಗಿಲೂ ತೆರೆಯದೆ ಉಳಿಯಲಿಲ್ಲ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಒಂದು ಕಲಮಿನಂತೆ, ಗಂಡು ವಾರಸುದಾರರು ಮನಸ್ಸು ಮಾಡುವ ತನಕ ತಂದೆಯ ವಾಸದ ಮನೆಯಲ್ಲಿ ಮಗಳು ಪಾಲು ಕೇಳುವಂತಿರಲಿಲ್ಲ. ಆ ಕಲಮು ಹೋದದ್ದು, ಹೆಣ್ಣುಮಕ್ಕಳು ಹುಟ್ಟಿನಿಂದಲೇ ಸಮಭಾಗಿಗಳಾದದ್ದು ೨೦೦೫ರ ಸೆಪ್ಟೆಂಬರ್ ೯ರಂದು. ಗೃಹಹಿಂಸೆಯ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು ನಾಲ್ಕು ದಿನದ ತರುವಾಯ, ೧೩ರಂದು. ಕರ್ನಾಟಕವಂತೂ ೧೯೯೪ರಲ್ಲಿಯೇ ತನ್ನ ತಿದ್ದುಪಡಿಯಿಂದ ಅವಿವಾಹಿತ ಹೆಣ್ಣುಮಕ್ಕಳಿಗೆ ಈ ಸಮಭಾಗ ಕೊಟ್ಟಿತ್ತು.

ಹೀಗೆಂದು ಎಲ್ಲವೂ ಸರಿಹೋಯಿತೆನ್ನಲಾರೆವು. ವಯಸ್ಕಳಾದ ಹೆಂಡತಿಯ ಮೇಲೆ ಗಂಡನು ಮಾಡುವ ಬಲಾತ್ಕಾರವನ್ನು ಹೊಸ ಸಂಹಿತೆಯೂ ಬಲಾತ್ಕಾರವೆಂದು ಎಣಿಸಿಲ್ಲ. ಸಂರಕ್ಷಣಾಧಿಕಾರಿಯ ಕೆಲಸ ಎಷ್ಟೋ ಕಡೆ ಬೇರೆ ಹುದ್ದೆಯವರ ತಲೆಗೆ ಹೆಚ್ಚಿನ ಹೊರೆಯಾಗಿ ಬಿದ್ದಿದೆ. ೧೯೮೪ರ ಕುಟುಂಬ ನ್ಯಾಯಾಲಯ ಕಾಯಿದೆ ರಾಜಿಗೆ ಯತ್ನಿಸಬೇಕೆನ್ನುತ್ತದೆ. ರಾಜಿ ಒಳ್ಳೆಯದೇ, ಆದರೆ ಹೊಂದಿಕೊಂಡು ಹೋಗಮ್ಮ ಎಂದು ಅವಳೊಬ್ಬಳಿಗೇ ಹೇಳಿ ಕಳುಹಿಸುವುದು ರಾಜಿಯಲ್ಲ.

ಇನ್ನು ಹೊರನಾಡಿನ ಕನ್ನಡಿಗರಾದ ನಮ್ಮ ಮಾತು. ಊರಿನಿಂದ ಮದುವೆಯಾಗಿ ಈ ಮಹಾನಗರಕ್ಕೆ ಬಂದ ಹುಡುಗಿಗೆ ತವರು ಒಂದು ರಾತ್ರಿಯ ರೈಲಿನ ದೂರ. ಮರಾಠಿ ಬಾರದು, ಹಿಂದಿ ಅರೆಬರೆ, ಠಾಣೆ ಎಲ್ಲಿದೆಯೆಂದು ತಿಳಿಯದು. ಅವಳಿಗೆ ಹೇಳಬೇಕಾದ ನಾಲ್ಕು ಮಾತುಗಳಿವೆ. ಅವಳು ಇಲ್ಲಿಯೇ ಅರ್ಜಿ ಕೊಡಬಹುದು; ತವರಿಗೆ ಹೋಗಿ ತಾತ್ಕಾಲಿಕವಾಗಿ ತಂಗಿದ್ದರೂ ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆಯೇ ಕೊಡಬಹುದು. ಕ್ರೌರ್ಯದ ಪೋಲೀಸು ಫಿರ್ಯಾದನ್ನೂ ಆಸರೆ ಪಡೆದ ಊರಿನಲ್ಲಿ ಕೊಡಬಹುದೆಂದು ೨೦೧೯ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೆಂಗಸರಿಗೆ, ಅವರ ವರಮಾನವೆಷ್ಟೇ ಇರಲಿ, ಸರಕಾರದ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ. ಮಹಿಳಾ ಸಹಾಯವಾಣಿಯ ದೂರವಾಣಿ ಸಂಖ್ಯೆ ೧೮೧.

ಇಷ್ಟು ಅವಳಿಗೆ. ನಮಗೂ ಆ ಕಾಯಿದೆಯ ೪ನೆಯ ಕಲಮಿನಲ್ಲಿ ಒಂದು ಮಾತಿದೆ. ಹಿಂಸೆ ನಡೆದಿದೆ, ನಡೆಯುತ್ತಿದೆ, ನಡೆಯಬಹುದು ಎಂದು ನಂಬಲು ಕಾರಣವುಳ್ಳ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ಸುದ್ದಿ ಕೊಡಬಹುದು. ಸದ್ಭಾವದಿಂದ ಕೊಟ್ಟವರ ಮೇಲೆ ಯಾವ ದಾವೆಯೂ ಬಾರದು. ಯಾರೇ ಆಗಲಿ ಎಂದರೆ ಪಕ್ಕದ ಮನೆಯವರು, ಎದುರಿನ ಖೋಲಿಯವರು, ಒಂದೇ ಊರಿನವರು, ಸಂಘದ ಸದಸ್ಯರು. ಚಾಳಿನ ಗೋಡೆ ತೆಳುವೆಂಬುದನ್ನು ನಾವೆಲ್ಲ ಬಲ್ಲೆವು. ಗೋಡೆಯಾಚೆಯ ಸದ್ದಿಗೆ ರೇಡಿಯೋ ದೊಡ್ಡದು ಮಾಡಿದ ದಿನಗಳೂ ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅದು ಅವರ ಮನೆಯ ವಿಚಾರವೆಂದು ನಾವು ನಮಗೇ ಹೇಳಿಕೊಂಡೆವು. ಕಾನೂನು ಈಗ ಆ ಮಾತನ್ನು ಒಪ್ಪುವುದಿಲ್ಲ.

ನಮ್ಮ ಸಂಘದ ಕಚೇರಿಯ ಹಲಗೆಯ ಮೇಲೆ ನಾಟಕದ ತಾರೀಖು, ವಧೂವರರ ವಿವರ, ವಿದ್ಯಾರ್ಥಿವೇತನದ ಅರ್ಜಿ ಇವೆಲ್ಲ ಇರುತ್ತವೆ. ಸಂರಕ್ಷಣಾಧಿಕಾರಿಯ ವಿಳಾಸವನ್ನೂ ಉಚಿತ ವಕೀಲರ ಕಚೇರಿಯ ವಿಳಾಸವನ್ನೂ ಕನ್ನಡದಲ್ಲಿ ಬರೆದು ಅದೇ ಹಲಗೆಗೆ ಈ ರಾಜ್ಯೋತ್ಸವದಂದು ಅಂಟಿಸೋಣ. ವಧೂವರರ ವಿವರದ ಪಕ್ಕದಲ್ಲಿಯೇ ಇರಲಿ. ಮದುವೆ ಕೂಡಿಸುವುದಕ್ಕೆ ಮುಂದಾಗುವ ಸಂಘ, ಆಮೇಲಿನ ಕಷ್ಟಕ್ಕೂ ಒಂದು ಬಾಗಿಲು ತೋರಿಸಬೇಕಲ್ಲವೆ?